ಮನುಷ್ಯ ಅಲ್ಲಿಗೆ ಹೋಗಬಹುದಾ? ನೀವೇ ಲೆಕ್ಕ ಹಾಕಿ ನೋಡಿ

ಭೂಮಿಯಂಥದ್ದೇ ಇನ್ನೊಂದು ಗ್ರಹ ಸಿಕ್ಕಿದೆ, ಮುಂದೊಂದು ದಿನ ಮನುಷ್ಯರು ಅಲ್ಲಿ ಮನೆ ಮಾಡಬಹುದು ಅನ್ನೋ ಥರದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಗ್ರಹ ಸಿಕ್ಕಿದ್ದು ನಿಜವೇ ಇರುತ್ತದೆ. ಮನೆ ಮಾಡುವ ಮಾತು ಮಾತ್ರ ಸುಮ್ನೆ ಸೇರಿಸಿದ್ದು. ಇಂಥ ಮಾತನ್ನು ಪರೀಕ್ಷೆ ಮಾಡೋಕೆ ವಿಜ್ಞಾನದ ಪದವಿ ಬೇಕಾಗಿಲ್ಲ, ಗುಣಾಕಾರ ಭಾಗಾಕಾರ ಬಂದರೆ ಸಾಕು. ಫೋನಿನ ಕ್ಯಾಲ್ಕುಲೇಟರ್ ತೆಗೆದಿಟ್ಟುಕೊಳ್ಳಿ.

ಮೊದಲೇ ಒಂದು ಮಾತು. ಎಲ್ಲರೂ ದೂರವನ್ನೇ ದೊಡ್ಡ ಅಡ್ಡಿ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ದೂರಕ್ಕಿಂತ ದೊಡ್ಡ ಅಡ್ಡಿಗಳು ಮೂರಿವೆ: ಇಂಧನದ ತೂಕ, ಅಲ್ಲಿ ಹೋಗಿ ನಿಲ್ಲುವುದು, ಮತ್ತು ಒಳಗೆ ಕೂತಿರುವ ಮನುಷ್ಯ. ಲೆಕ್ಕ ಹಾಕುತ್ತಾ ಹೋದರೆ ಯಾಕೆ ಅಂತ ಗೊತ್ತಾಗುತ್ತದೆ.

ದೂರ ಮತ್ತು ವೇಗ

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ. ಇದೊಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಜ್ಯೋತಿರ್ವರ್ಷ. ಸುದ್ದಿಯಲ್ಲಿ ಕೊಟ್ಟಿರುವ ಜ್ಯೋತಿರ್ವರ್ಷಗಳನ್ನು 3 ಲಕ್ಷದಿಂದ ಗುಣಿಸಿ, ನೌಕೆ ಸೆಕೆಂಡಿಗೆ ಎಷ್ಟು ಕಿ.ಮೀ. ಹೋಗುತ್ತದೋ ಅದರಿಂದ ಭಾಗಿಸಿ. ಬಂದ ಉತ್ತರವೇ ಎಷ್ಟು ವರ್ಷ ಬೇಕು ಅನ್ನುವುದು.

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ದೂರ 4.24 ಜ್ಯೋತಿರ್ವರ್ಷ. ಅಪೊಲೊ 10ರ ಗಗನಯಾತ್ರಿಗಳು 1969ರಲ್ಲಿ ಚಂದ್ರನಿಂದ ವಾಪಸ್ ಬರುವಾಗ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗ ಮುಟ್ಟಿದ್ದರು. ಆ ವೇಗದಲ್ಲಿ ಪ್ರಾಕ್ಸಿಮಾಗೆ ಹೋಗೋಕೆ 1 ಲಕ್ಷದ 15 ಸಾವಿರ ವರ್ಷ ಬೇಕು. 1977ರಲ್ಲಿ ಹೊರಟ, ಮನುಷ್ಯರಿಲ್ಲದ ವಾಯೇಜರ್ 1 ನೌಕೆ ಸೆಕೆಂಡಿಗೆ 17 ಕಿ.ಮೀ. ಹೋಗುತ್ತಿದೆ. ಅದಕ್ಕೆ ಸುಮಾರು 75 ಸಾವಿರ ವರ್ಷ (ಅದು ಆ ದಿಕ್ಕಿಗೆ ಹೋಗುತ್ತಲೂ ಇಲ್ಲ, ಆ ಮಾತು ಬೇರೆ). ಹೆಚ್ಚುಕಡಿಮೆ ಅರ್ಧ ಶತಮಾನ ಓಡಿದ ಮೇಲೂ ಅದು ದಾಟಿರುವ ದೂರವನ್ನು ಬೆಳಕು ಒಂದೇ ದಿನದಲ್ಲಿ ದಾಟುತ್ತದೆ.

ಇಲ್ಲೊಂದು ಎಚ್ಚರಿಕೆ. ಮನುಷ್ಯ ಮಾಡಿದ ಅತಿ ವೇಗದ ನೌಕೆ ಅಂತ ಪಾರ್ಕರ್ ಸೋಲಾರ್ ಪ್ರೋಬ್ ಹೆಸರನ್ನು ಎಳೆದು ತರುತ್ತಾರೆ. ಅದು 2024ರ ಡಿಸೆಂಬರಿನಲ್ಲಿ ಸೆಕೆಂಡಿಗೆ ಸುಮಾರು 192 ಕಿ.ಮೀ. ವೇಗದಲ್ಲಿ ಸೂರ್ಯನ ಪಕ್ಕದಲ್ಲಿ ಹಾದುಹೋಗಿದ್ದು ನಿಜ. ಆದರೆ ಆ ವೇಗ ಎಂಜಿನ್ನಿನದ್ದಲ್ಲ, ಸೂರ್ಯನ ಕಡೆಗೆ ಬೀಳುತ್ತಿರುವಾಗ ಸಿಕ್ಕಿದ್ದು. ಸೂರ್ಯನಿಂದ ದೂರ ಸರಿದ ಹಾಗೆ ಅದು ಇಳಿದುಹೋಗುತ್ತದೆ. ಹಾಗಾಗಿ ಆ ಸಂಖ್ಯೆಯನ್ನು ನಕ್ಷತ್ರ ಪ್ರಯಾಣದ ಲೆಕ್ಕಕ್ಕೆ ಹಾಕಬೇಡಿ. ಹಾಕಿದರೂ 6,600 ವರ್ಷ ಬರುತ್ತದೆ, ಅದೇನೂ ಖುಷಿಪಡುವ ಉತ್ತರವಲ್ಲ.

ಇನ್ನೊಂದು ವಿಷಯ, ಈ ಭಾಗಾಕಾರ ನಕ್ಷತ್ರಗಳಿಗೆ ಮಾತ್ರ. ನಮ್ಮ ಸೂರ್ಯನನ್ನೇ ಸುತ್ತುವ ಗ್ರಹಗಳಿಗೆ ಇದನ್ನು ಹಾಕಿದರೆ ಮೋಸ ಹೋಗುತ್ತೀರಿ. ಮಂಗಳ ನಮ್ಮ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿ.ಮೀ. ದೂರದಲ್ಲಿರುತ್ತದೆ. ಸೆಕೆಂಡಿಗೆ 17 ಕಿ.ಮೀ.ಯಂತೆ ಲೆಕ್ಕ ಹಾಕಿದರೆ 37 ದಿನ ಅಂತ ಬರುತ್ತದೆ, ಆದರೆ ನಿಜವಾದ ನೌಕೆಗಳು ತೆಗೆದುಕೊಳ್ಳುವುದು ಏಳರಿಂದ ಒಂಬತ್ತು ತಿಂಗಳು, ಯಾಕೆಂದರೆ ಅಲ್ಲಿಗೆ ನೇರ ದಾರಿ ಇಲ್ಲ, ಇಂಧನ ಉಳಿಸೋಕೆ ಸೂರ್ಯನ ಸುತ್ತ ಅರ್ಧ ಸುತ್ತು ಹಾಕಿಕೊಂಡೇ ಹೋಗಬೇಕು, ಅದೂ ಎರಡು ಗ್ರಹಗಳು ಸರಿಯಾದ ಜಾಗದಲ್ಲಿರುವಾಗಲೇ ಹೊರಡಬೇಕು, ಮತ್ತು ಆ ಅವಕಾಶ ಬರುವುದು 26 ತಿಂಗಳಿಗೊಮ್ಮೆ.

ಇಂಧನ: ಒಂದೊಂದೇ ಸೊನ್ನೆ ಸೇರಿಸಿ

ಹಾಗಾದರೆ ವೇಗ ಜಾಸ್ತಿ ಮಾಡಿ, ಅಷ್ಟೇ ತಾನೇ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಕೆಲಸ ಕೆಡುವುದೂ ಇಲ್ಲೇ.

ರಾಕೆಟ್ ತನ್ನ ಇಂಧನವನ್ನು ತಾನೇ ಹೊತ್ತುಕೊಂಡು ಹೋಗಬೇಕು. ಗಾಡಿ ಎಳೆಯುವ ಎತ್ತಿನ ಮೇವನ್ನೂ ಅದೇ ಗಾಡಿಯಲ್ಲಿ ಹೇರಿದ ಹಾಗೆ. ದಾರಿ ಉದ್ದವಾದಷ್ಟೂ ಮೇವು ಜಾಸ್ತಿ, ಮೇವು ಜಾಸ್ತಿಯಾದಷ್ಟೂ ಎತ್ತು ಜಾಸ್ತಿ, ಎತ್ತು ಜಾಸ್ತಿಯಾದರೆ ಮತ್ತೆ ಮೇವು. ರಷ್ಯಾದ ಶಾಲಾ ಮೇಷ್ಟ್ರು ಕಾನ್‌ಸ್ಟಂಟಿನ್ ತ್ಸಿಯೊಲ್ಕೊವ್‌ಸ್ಕಿ 1903ರಲ್ಲೇ ಇದಕ್ಕೆ ಸೂತ್ರ ಬರೆದು ಪ್ರಕಟಿಸಿದರು. ಇವತ್ತಿಗೂ ಯಾವ ರಾಕೆಟ್ಟೂ ಅದರಿಂದ ತಪ್ಪಿಸಿಕೊಂಡಿಲ್ಲ.

ಸೂತ್ರ ಬೇಡ, ಅದರಿಂದ ಬರುವ ಒಂದು ಸುಲಭದ ಉಪಾಯ ಹೇಳುತ್ತೇನೆ. ದ್ರವ ಹೈಡ್ರೋಜನ್ ಮತ್ತು ಆಕ್ಸಿಜನ್ ಉರಿಸುವ ಒಳ್ಳೆಯ ಎಂಜಿನ್ನಿನಿಂದ ಹೊಗೆ ಸೆಕೆಂಡಿಗೆ ಸುಮಾರು 4.5 ಕಿ.ಮೀ. ವೇಗದಲ್ಲಿ ಹೊರಬರುತ್ತದೆ. ಅಂಥ ರಾಕೆಟ್ಟಿಗೆ ವೇಗ ಸೆಕೆಂಡಿಗೆ 10 ಕಿ.ಮೀ.ಗಿಂತ ಚೂರು ಜಾಸ್ತಿ, ಅಂದರೆ 10.4 ಕಿ.ಮೀ. ಏರಬೇಕಾದರೆ ಹೊರಡುವಾಗಿನ ತೂಕ ಹತ್ತು ಪಟ್ಟಾಗಬೇಕು. ಇನ್ನೂ 10.4 ಬೇಕಾದರೆ ಮತ್ತೆ ಹತ್ತು ಪಟ್ಟು. ಅಂದರೆ ವೇಗವನ್ನು 10.4ರಿಂದ ಭಾಗಿಸಿ, ಎಷ್ಟು ಬರುತ್ತದೋ ಅಷ್ಟು ಸೊನ್ನೆಗಳನ್ನು ತೂಕದ ಮುಂದೆ ಬರೆಯಿರಿ.

ಸೆಕೆಂಡಿಗೆ 300 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಬೆಳಕಿನ ವೇಗದ ಸಾವಿರದಲ್ಲಿ ಒಂದು ಭಾಗ, ಅಷ್ಟೇ. ಈ ವೇಗದಲ್ಲೂ ಪ್ರಾಕ್ಸಿಮಾಗೆ 4,240 ವರ್ಷ. ಸೊನ್ನೆಗಳು 29 ಬರುತ್ತವೆ. ಭೂಮಿಯ ತೂಕ ಕಿಲೋಗ್ರಾಂ ಲೆಕ್ಕದಲ್ಲಿ 6ರ ಮುಂದೆ 24 ಸೊನ್ನೆ. ಅಂದರೆ ಒಂದೇ ಒಂದು ಕಿಲೋ ಸಾಮಾನನ್ನು ಆ ವೇಗಕ್ಕೆ ಏರಿಸೋಕೆ ಸುಮಾರು 15 ಸಾವಿರ ಭೂಮಿಗಳಷ್ಟು ಇಂಧನ ಬೇಕು! ಇಂಜಿನಿಯರ್‌ಗಳು ಇನ್ನಷ್ಟು ಬುದ್ಧಿ ಓಡಿಸಿದರೆ ಸರಿಹೋಗುವ ತೊಂದರೆ ಇದಲ್ಲ. ಈ ಇಂಧನದಿಂದ ಆಗೋದಿಲ್ಲ, ಅಷ್ಟೇ.

ಚಂದ್ರನಿಗೆ ಹೋದ ಸ್ಯಾಟರ್ನ್ 5 ರಾಕೆಟ್ಟನ್ನೇ ನೋಡಿ. ಹೊರಡುವಾಗ 2,900 ಟನ್. ಕೊನೆಗೆ ಸಮುದ್ರಕ್ಕೆ ಬಿದ್ದ ಪುಟ್ಟ ಕೋಣೆ ಐದಾರು ಟನ್. ಉಳಿದದ್ದೆಲ್ಲ ದಾರಿಯಲ್ಲೇ ಹೋಯಿತು.

ವಾಯೇಜರ್ ಮತ್ತೆ ಹೇಗೆ 17 ಕಿ.ಮೀ. ಮುಟ್ಟಿತು ಅಂತ ಕೇಳಬಹುದು. ಅದು ಗುರು ಮತ್ತು ಶನಿ ಗ್ರಹಗಳ ಪಕ್ಕದಲ್ಲಿ ಹಾದು, ಅವುಗಳ ಓಟದಿಂದ ಸ್ವಲ್ಪ ವೇಗ ಕಸಿದುಕೊಂಡಿತು. ಪುಕ್ಕಟೆ ಸಿಗುವ ವೇಗವೇ, ಬೇಡ ಅನ್ನಬೇಕಿಲ್ಲ. ಆದರೆ ಸೌರವ್ಯೂಹದಲ್ಲಿ ಅದು ಸೆಕೆಂಡಿಗೆ ಹತ್ತಾರು ಕಿ.ಮೀ. ಕೊಡುತ್ತದೆಯೇ ಹೊರತು ಸಾವಿರಾರು ಕಿ.ಮೀ. ಅಲ್ಲ.

ವಿದ್ಯುತ್ತಿನ ಬಲದಿಂದ ಕಣಗಳನ್ನು ಹಿಂದಕ್ಕೆ ಎಸೆಯುವ ಅಯಾನ್ ಎಂಜಿನ್ ಅಂತ ಒಂದಿದೆ, ಡಾನ್ ನೌಕೆಯಲ್ಲಿ ಇದ್ದದ್ದು ಅದೇ. ಅದರಿಂದ ಹೊರಬರುವ ಕಣಗಳ ವೇಗ ಸೆಕೆಂಡಿಗೆ ಸುಮಾರು 30 ಕಿ.ಮೀ., ಹಾಗಾಗಿ ಇಂಧನ ತುಂಬಾ ಕಡಿಮೆ ಸಾಕು. ಆದರೆ ಅದರ ತಳ್ಳುವ ಬಲ ಅಂಗೈ ಮೇಲೆ ಒಂದು ಹಾಳೆ ಇಟ್ಟಷ್ಟು. ಕ್ಷುದ್ರಗ್ರಹಗಳ ಕಡೆ ಹೋಗೋಕೆ ಬಹಳ ಚೆನ್ನಾಗಿದೆ, ನಕ್ಷತ್ರಕ್ಕೆ ಸಾಲದು.

ನಿಲ್ಲೋದು ಹೇಗೆ ಅಂತ ಕೇಳಿ

ಸುದ್ದಿಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ, ಅದಕ್ಕೇ ನೀವು ಕೇಳಿ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ರಸ್ತೆ ಇಲ್ಲ, ಬ್ರೇಕ್ ಹಿಡಿಯೋಕೆ ಏನೂ ಇಲ್ಲ. ವೇಗ ಏರಿಸೋಕೆ ಎಷ್ಟು ಕಷ್ಟಪಟ್ಟಿರೋ ಇಳಿಸೋಕೂ ಅಷ್ಟೇ ಕಷ್ಟಪಡಬೇಕು, ಮತ್ತು ಇಳಿಸುವ ಇಂಧನವನ್ನು ಏರುವಾಗಲೇ ಹೊತ್ತಿರಬೇಕು. ಆದ್ದರಿಂದ ಲೆಕ್ಕ ಎರಡರಷ್ಟಾಗುವುದಿಲ್ಲ, ವರ್ಗವಾಗುತ್ತದೆ. ಏರಲು ತೂಕ 20 ಪಟ್ಟು ಬೇಕಾಗಿದ್ದರೆ, ಏರಿ ಇಳಿಯಲು 400 ಪಟ್ಟು ಬೇಕು.

ನ್ಯೂ ಹೊರೈಜನ್ಸ್ ನೌಕೆ 2006ರಲ್ಲಿ ಹೊರಟು 2015ರ ಜುಲೈ 14ರಂದು ಪ್ಲೂಟೊ ತಲುಪಿತು ಅಂತೀವಲ್ಲ, ನಿಜವಾಗಿ ಅದು ತಲುಪಲಿಲ್ಲ, ಸೆಕೆಂಡಿಗೆ 14 ಕಿ.ಮೀ. ವೇಗದಲ್ಲಿ ಪಕ್ಕದಿಂದ ಹಾದುಹೋಯಿತು. ಒಂಬತ್ತೂವರೆ ವರ್ಷ ಪ್ರಯಾಣ, ಹತ್ತಿರದಿಂದ ನೋಡಿದ್ದು ಕೆಲವೇ ಗಂಟೆ. ಯಂತ್ರಕ್ಕೆ ಅದು ಸಾಕು, ಫೋಟೋ ತೆಗೆದು ಕಳಿಸಿತು. ಮನುಷ್ಯನನ್ನು ಕಳಿಸಿ ಹೀಗೆ ಪಕ್ಕದಿಂದ ದಾಟಿಸಿದರೆ ಅದು ಪ್ರಯಾಣ ಅನ್ನಿಸಿಕೊಳ್ಳುತ್ತದಾ?

2016ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯನ್ನೂ ಹೀಗೇ ನೋಡಬೇಕು. ಭೂಮಿಯಿಂದ ಲೇಸರ್ ಬಿಟ್ಟು ತೆಳುವಾದ ಹಾಯಿಯನ್ನು ತಳ್ಳಿ, ಬೆಳಕಿನ ವೇಗದ ಐದನೇ ಒಂದು ಭಾಗಕ್ಕೆ ಏರಿಸುವ ಯೋಚನೆ ಅದು. ಇಂಧನ ಹೊರುವ ಕಾಟವೇ ಇಲ್ಲ, ಸುಮಾರು 20 ವರ್ಷದಲ್ಲಿ ಪಕ್ಕದ ನಕ್ಷತ್ರ. ಜಾಣತನದ ಯೋಚನೆಯೇ. ಆದರೆ ನೌಕೆಯ ತೂಕ ಕೆಲವೇ ಗ್ರಾಂ, ಬ್ರೇಕೂ ಇಲ್ಲ. ಇದನ್ನು ತೋರಿಸಿ ಮನುಷ್ಯ 20 ವರ್ಷದಲ್ಲಿ ನಕ್ಷತ್ರ ಮುಟ್ಟುತ್ತಾನೆ ಅಂತ ಬರೆದರೆ ಅದು ಸುಳ್ಳು.

ಶಕ್ತಿಯ ಬಿಲ್

ಎಂಜಿನ್ ಯಾವುದೇ ಇರಲಿ, ಅದು ಕೊಡಬೇಕಾದ ಶಕ್ತಿ ಬದಲಾಗುವುದಿಲ್ಲ. ಒಂದು ಟನ್ ತೂಕವನ್ನು ಬೆಳಕಿನ ವೇಗದ ಹತ್ತನೇ ಒಂದು ಭಾಗಕ್ಕೆ ಏರಿಸೋಕೆ ಕನಿಷ್ಠ 12,500 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಇದು ಒಂಚೂರೂ ಪೋಲಾಗದೆ ಎಲ್ಲ ಶಕ್ತಿಯೂ ವೇಗವೇ ಆದರೆ ಮಾತ್ರ. ಹತ್ತಾರು ಜನ ವರ್ಷಗಟ್ಟಲೆ ಬದುಕುವ ನೌಕೆ 1,000 ಟನ್ನಾದರೂ ಇರುತ್ತದೆ ಅಂದುಕೊಂಡರೆ, ಇಡೀ ಜಗತ್ತು ನಾಲ್ಕು ವರ್ಷದಲ್ಲಿ ತಯಾರಿಸುವ ವಿದ್ಯುತ್ತೆಲ್ಲ ಅದೊಂದಕ್ಕೇ ಹೋಗುತ್ತದೆ. ನಿಲ್ಲಿಸೋಕೆ ಇನ್ನೂ ಬೇಕು.

ಆ ವೇಗದಲ್ಲಿ ಧೂಳೂ ಬಾಂಬೇ. ಒಂದು ಮಿಲಿಗ್ರಾಂ ಕಣ ಎದುರಾಗಿ ಬಡಿದರೆ ಸುಮಾರು 100 ಕಿಲೋ ಟಿಎನ್‌ಟಿ ಸಿಡಿದಷ್ಟು ಪೆಟ್ಟು.

ಅಣು ಸಮ್ಮಿಲನದ ಎಂಜಿನ್, ಅಂದರೆ ಸೂರ್ಯನೊಳಗೆ ಆಗುವ ಹಾಗೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ ಎಂಜಿನ್ ಬಂದರೆ? ಈ ಪ್ರಶ್ನೆಯನ್ನು ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು 1973ರಿಂದ 1978ರವರೆಗೆ ಕೂತು ಲೆಕ್ಕ ಹಾಕಿದ್ದಾರೆ. ಅದೇ ಡೀಡಲಸ್ ಯೋಜನೆ. 5.9 ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರಕ್ಕೆ ಬೆಳಕಿನ ವೇಗದ ನೂರಕ್ಕೆ 12ರಷ್ಟು ವೇಗದಲ್ಲಿ ಸುಮಾರು 50 ವರ್ಷದ ಪ್ರಯಾಣ. ಒಟ್ಟು 54 ಸಾವಿರ ಟನ್, ಅದರಲ್ಲಿ 50 ಸಾವಿರ ಟನ್ ಇಂಧನವೇ. ಆ ಇಂಧನಕ್ಕೆ ಬೇಕಾದ ಹೀಲಿಯಂ-3 ಅನ್ನು ಗುರುಗ್ರಹದ ವಾತಾವರಣದಿಂದ ಸೋಸಿ ತೆಗೆಯಬೇಕು ಅಂತ ಅವರೇ ಬರೆದರು. ಇಷ್ಟಾದರೂ ಅದರಲ್ಲಿ ಮನುಷ್ಯರಿಲ್ಲ, ಬ್ರೇಕಿಲ್ಲ. ಕಾಗದದ ಮೇಲಿನ ಯೋಜನೆಗಳಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ, ಯಾಕೆಂದರೆ ಅವರು ಕಷ್ಟದ ಸಂಖ್ಯೆಗಳನ್ನು ಮುಚ್ಚಿಡಲಿಲ್ಲ.

ಈಗ ಒಳಗಿರುವ ಮನುಷ್ಯನ ಲೆಕ್ಕ

ಇಲ್ಲಿ ನಿಧಾನವಾಗಿ ಹೋಗೋಣ. ಯಂತ್ರಕ್ಕೆ ಸ್ವಿಚ್ ಆರಿಸಿ ಮಲಗಿಸಬಹುದು. ಮನುಷ್ಯನಿಗೆ ದಿನಾ ಉಸಿರು ಬೇಕು, ನೀರು ಬೇಕು, ಊಟ ಬೇಕು, ಪಕ್ಕದಲ್ಲಿ ಮಾತಾಡೋಕೆ ಇನ್ನೊಬ್ಬ ಮನುಷ್ಯನೂ ಬೇಕು.

ಒಬ್ಬರಿಗೆ ದಿನಕ್ಕೆ ಸುಮಾರು 0.84 ಕಿಲೋ ಆಕ್ಸಿಜನ್ ಬೇಕು. 40 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ಬೆಳಕಿನ ವೇಗದ ಹತ್ತನೇ ಒಂದರಲ್ಲಿ ಹೋದರೆ 400 ವರ್ಷ ಬೇಕು. ನೂರು ಜನ, 400 ವರ್ಷ ಅಂದರೆ 12 ಸಾವಿರ ಟನ್ನಿಗೂ ಜಾಸ್ತಿ. ಹೊತ್ತುಕೊಂಡು ಹೋಗುವ ಮಾತೇ ಇಲ್ಲ, ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಶುದ್ಧ ಮಾಡಿಕೊಳ್ಳಬೇಕು. ನೀರೂ ಹಾಗೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ ಎಲ್ಲ ಸೇರಿಸಿ ನೂರಕ್ಕೆ 98ರಷ್ಟು ನೀರನ್ನು ಮರಳಿ ಪಡೆಯಬಹುದು ಅಂತ 2023ರಲ್ಲಿ ತೋರಿಸಿದರು. ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಉಳಿದ ಎರಡನ್ನು ನೋಡಿ. ತಲೆಗೆ ದಿನಕ್ಕೆ 3 ಲೀಟರ್ ಅಂದುಕೊಂಡರೆ 60 ಮಿ.ಲೀ. ನಷ್ಟ. ನೂರು ಜನರಿಗೆ 400 ವರ್ಷಕ್ಕೆ ಲೆಕ್ಕ ಹಾಕಿ, ಬರೀ ಸೋರಿಹೋಗುವ ನೀರೇ ಸುಮಾರು 876 ಟನ್ ಆಗುತ್ತದೆ. ಭೂಮಿಯ ಹತ್ತಿರ ಇದ್ದರೆ ಇನ್ನೊಂದು ರಾಕೆಟ್ಟಿನಲ್ಲಿ ಕಳಿಸಬಹುದು. ಅಲ್ಲಿಗೆ ಯಾರು ಕಳಿಸುತ್ತಾರೆ?

ಮುಚ್ಚಿದ ಡಬ್ಬಿಯೊಳಗೆ ಬದುಕುವ ಪ್ರಯೋಗ ಭೂಮಿಯ ಮೇಲೇ ನಡೆದಿದೆ. 1991ರಿಂದ 1993ರವರೆಗೆ ಅಮೆರಿಕದ ಅರಿಜೋನಾದ ಬಯೋಸ್ಫಿಯರ್ 2 ಅನ್ನುವ ಗಾಜಿನ ಕಟ್ಟಡದಲ್ಲಿ ಎಂಟು ಜನ ಗಿಡ, ಮಣ್ಣು, ಪ್ರಾಣಿಗಳ ಜೊತೆ ಇದ್ದರು. ಒಳಗಿನ ಆಕ್ಸಿಜನ್ ನೂರಕ್ಕೆ 20.9ರಿಂದ 14.5ಕ್ಕೂ ಕೆಳಗಿಳಿದು, ಕೊನೆಗೆ ಹೊರಗಿನಿಂದ ತುಂಬಬೇಕಾಯಿತು. ಮಣ್ಣಿನ ಸೂಕ್ಷ್ಮಜೀವಿಗಳು ಆಕ್ಸಿಜನ್ ಬಳಸಿ ಇಂಗಾಲದ ಡೈಆಕ್ಸೈಡ್ ಬಿಟ್ಟವು, ಅದನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಂಡಿತು, ಹಾಗಾಗಿ ಗಿಡಗಳ ಮೂಲಕ ಆಕ್ಸಿಜನ್ ವಾಪಸ್ ಬರಲಿಲ್ಲ. ಎರಡೇ ವರ್ಷದ ಪ್ರಯೋಗದಲ್ಲಿ, ಬಾಗಿಲಾಚೆ ಇಡೀ ಭೂಮಿಯ ಗಾಳಿ ಇಟ್ಟುಕೊಂಡು ಇಷ್ಟಾಯಿತು. ನಕ್ಷತ್ರ ಪ್ರಯಾಣದ ಮಾತು ಬಂದಾಗ ನಾನು ಮೊದಲು ಯೋಚಿಸುವುದು ಎಂಜಿನ್ ಬಗ್ಗೆ ಅಲ್ಲ, ಈ ಕಾಂಕ್ರೀಟ್ ಗೋಡೆಯ ಬಗ್ಗೆ.

ದೇಹದ ಕಥೆ ಇನ್ನೊಂದು. ಒಂದೇ ಸಲಕ್ಕೆ ಅತಿ ಹೆಚ್ಚು ದಿನ ಬಾಹ್ಯಾಕಾಶದಲ್ಲಿದ್ದವರು ರಷ್ಯಾದ ವೈದ್ಯ ವಲೇರಿ ಪೊಲ್ಯಾಕೊವ್, 1994-95ರಲ್ಲಿ 437 ದಿನ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಸವೆಯುತ್ತವೆ. ಅದನ್ನು ತಡೆಯೋಕೆ ದಿನಕ್ಕೆ ಎರಡು ಗಂಟೆ ವ್ಯಾಯಾಮ ಮಾಡಬೇಕು. ಆದರೂ ಪೊಲ್ಯಾಕೊವ್ ಇದ್ದದ್ದು ಭೂಮಿಯಿಂದ ಸುಮಾರು 400 ಕಿ.ಮೀ. ಮೇಲೆ, ಬಾಹ್ಯಾಕಾಶದ ವಿಕಿರಣವನ್ನು ತಡೆಯುವ ಭೂಮಿಯ ಕಾಂತಕ್ಷೇತ್ರದ ರಕ್ಷಣೆಯ ಒಳಗೇ. ಆ ರಕ್ಷಣೆಯಾಚೆ ಹೋದ ಅಪೊಲೊ ಪ್ರಯಾಣಗಳಲ್ಲಿ ಅತಿ ಉದ್ದದ್ದು 1972ರ ಅಪೊಲೊ 17, ಒಟ್ಟು ಹನ್ನೆರಡೂವರೆ ದಿನ. ಹಾಗಾಗಿ ದೀರ್ಘ ಪ್ರಯಾಣದ ಬಗ್ಗೆ ಯಾರಾದರೂ ಧೈರ್ಯವಾಗಿ ಮಾತಾಡಿದರೆ, ಅವರ ಹತ್ತಿರ ಇರುವ ಅನುಭವ ಎಲ್ಲಿಯದು ಅಂತ ನೋಡಿ: ವರ್ಷಗಟ್ಟಲೆ ಇದ್ದದ್ದು 400 ಕಿ.ಮೀ. ಎತ್ತರದಲ್ಲಿ, ನಿಜವಾಗಿ ಹೊರಗೆ ಹೋಗಿದ್ದು ದಿನಗಳ ಲೆಕ್ಕದಲ್ಲಿ.

ಐನ್‌ಸ್ಟೈನ್ ಕಾಪಾಡುತ್ತಾರಾ?

ಇಷ್ಟು ಹೇಳಿದ ಮೇಲೆ ಒಬ್ಬರಾದರೂ ಸಾಪೇಕ್ಷತೆ ತರುತ್ತಾರೆ. ವೇಗವಾಗಿ ಹೋದರೆ ಕಾಲ ನಿಧಾನವಾಗುತ್ತದೆ, ಅಲ್ವಾ? ಹೌದು, ಆಗುತ್ತದೆ. ಆದರೆ ಎಷ್ಟು? ಬೆಳಕಿನ ವೇಗದ ಹತ್ತನೇ ಒಂದರಲ್ಲಿ ಸಿಗುವ ಉಳಿತಾಯ ನೂರಕ್ಕೆ ಅರ್ಧ ಮಾತ್ರ, 400 ವರ್ಷದಲ್ಲಿ ಎರಡು ವರ್ಷ. ಕಾಲ ಅರ್ಧವಾಗಬೇಕಾದರೆ ಬೆಳಕಿನ ವೇಗದ ನೂರಕ್ಕೆ 87ರಷ್ಟು ಬೇಕು. 99ರಷ್ಟಾದರೆ ಏಳು ಪಟ್ಟು ನಿಧಾನ.

ಭೂಮಿಯ ಗುರುತ್ವದಷ್ಟೇ ವೇಗೋತ್ಕರ್ಷವನ್ನು ಬಿಡದೆ ಕೊಡುತ್ತಾ, ಅರ್ಧ ದಾರಿಯಲ್ಲಿ ತಿರುಗಿ ಅಷ್ಟೇ ಬಲದಲ್ಲಿ ವೇಗ ಇಳಿಸುತ್ತಾ ಹೋದರೆ, ಒಳಗಿರುವವರ ಗಡಿಯಾರದಲ್ಲಿ ಪ್ರಾಕ್ಸಿಮಾ ಮೂರೂವರೆ ವರ್ಷ, ನಮ್ಮ ಗ್ಯಾಲಕ್ಸಿಯ ನಡುವಿನವರೆಗೆ ಸುಮಾರು 20 ವರ್ಷ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಮೇಲಿನ ಶಕ್ತಿಯ ಬಿಲ್ಲನ್ನು ಮತ್ತೆ ತೆಗೆಯಿರಿ. ಒಂದೇ ಟನ್ನನ್ನು ಬೆಳಕಿನ ವೇಗದ ನೂರಕ್ಕೆ 99ರಷ್ಟಕ್ಕೆ ಏರಿಸೋಕೆ ಇಡೀ ಜಗತ್ತಿನ ಐದು ವರ್ಷದ ವಿದ್ಯುತ್ ಬೇಕು. ಭೌತವಿಜ್ಞಾನ ಬಾಗಿಲು ತೆರೆದಿಟ್ಟಿದೆ, ಒಳಗೆ ಹೋಗುವ ಬೆಲೆ ಮಾತ್ರ ಯಾರ ಕೈಗೂ ಎಟುಕುವಂತಿಲ್ಲ.

ಜಾಗವನ್ನೇ ಕುಗ್ಗಿಸಿ ಹಿಗ್ಗಿಸಿ ಬೆಳಕಿಗಿಂತ ಬೇಗ ಹೋಗುವ ವಾರ್ಪ್ ಡ್ರೈವ್ ಅನ್ನುವ ಕಲ್ಪನೆಯ ಬಗ್ಗೆ ಎರಡೇ ಮಾತು. 1994ರಲ್ಲಿ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ಬರೆದ ಗಣಿತ ಇದೆ. ಅದಕ್ಕೆ ಋಣ ಶಕ್ತಿ (ಸೊನ್ನೆಗಿಂತ ಕಡಿಮೆ ಶಕ್ತಿ) ಬೇಕು, ಬೇಕಾದಷ್ಟು ಪ್ರಮಾಣದಲ್ಲಿ ಅಂಥದ್ದನ್ನು ಯಾರೂ ಮಾಡಿ ತೋರಿಸಿಲ್ಲ.

ಲೆಕ್ಕವೇ ಬೇಡವಾದ ದೂರ

ಸುದ್ದಿಯಲ್ಲಿ ದೂರ ನೂರಾರು ಕೋಟಿ ಜ್ಯೋತಿರ್ವರ್ಷಗಳಲ್ಲಿದ್ದರೆ ಭಾಗಾಕಾರ ಮಾಡಬೇಡಿ. ವಿಶ್ವ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಏರುತ್ತಿದೆ. ಈಗ ಸುಮಾರು 1,600–1,700 ಕೋಟಿ ಜ್ಯೋತಿರ್ವರ್ಷಗಳಾಚೆ ಇರುವ ಗ್ಯಾಲಕ್ಸಿಗಳ ಕಡೆಗೆ ಇವತ್ತು ಬೆಳಕನ್ನೇ ಬಿಟ್ಟರೂ ಅದು ಎಂದಿಗೂ ಮುಟ್ಟುವುದಿಲ್ಲ. ನಾವು ನೋಡಬಲ್ಲ ವಿಶ್ವದ ಅಂಚು ಸುಮಾರು 4,650 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಕಾಣುವ ವಿಶ್ವದಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಭಾಗ ಈಗಾಗಲೇ ನಮ್ಮ ಕೈಬಿಟ್ಟು ಹೋಗಿದೆ. ನೋಡಬಹುದು, ಹೋಗೋಕಾಗಲ್ಲ.

ಒಂದು ಸುದ್ದಿ ಹಿಡಿದು ನೋಡೋಣ

2017ರಲ್ಲಿ ಟ್ರಾಪಿಸ್ಟ್-1 ನಕ್ಷತ್ರದ ಸುತ್ತ ಭೂಮಿಯಷ್ಟೇ ಗಾತ್ರದ ಏಳು ಗ್ರಹಗಳಿವೆ ಅಂತ ದೊಡ್ಡ ಸುದ್ದಿಯಾಯಿತು. ದೂರ ಸುಮಾರು 40 ಜ್ಯೋತಿರ್ವರ್ಷ. ವಾಯೇಜರ್ ವೇಗದಲ್ಲಿ 7 ಲಕ್ಷ ವರ್ಷ, ಪಕ್ಕಕ್ಕಿಡಿ. ಬೆಳಕಿನ ವೇಗದ ಹತ್ತನೇ ಒಂದರಲ್ಲಿ 400 ವರ್ಷ, ಅಂದರೆ ಹದಿನಾರು ತಲೆಮಾರು. ಡೀಡಲಸ್ ಥರದ ಎಂಜಿನ್ನಿನಿಂದ ಕಣಗಳು ಸೆಕೆಂಡಿಗೆ 10 ಸಾವಿರ ಕಿ.ಮೀ. ವೇಗದಲ್ಲಿ ಬರುತ್ತವೆ ಅಂದುಕೊಂಡರೆ ಏರಲು ತೂಕ 20 ಪಟ್ಟು, ಇಳಿಯಲೂ ಬೇಕಾದ್ದರಿಂದ 400 ಪಟ್ಟು. 1,000 ಟನ್ ನೌಕೆಗೆ 4 ಲಕ್ಷ ಟನ್. ಅದೂ ಇನ್ನೂ ಕಟ್ಟಿಲ್ಲದ ಎಂಜಿನ್ನಿಗೆ. ನೀರು, ಗಾಳಿಯ ಲೆಕ್ಕ ಮೇಲೆ ಹಾಕಿದ್ದೇವೆ.

ಇನ್ನೊಂದು ತಮಾಷೆ ಇದೆ. 400 ವರ್ಷದ ಪ್ರಯಾಣಕ್ಕೆ ಇವತ್ತು ಹೊರಟವರನ್ನು, ನೂರು ವರ್ಷದ ನಂತರ ಎರಡು ಪಟ್ಟು ವೇಗದ ನೌಕೆಯಲ್ಲಿ ಹೊರಟವರು ದಾರಿಯಲ್ಲೇ ಹಿಂದಿಕ್ಕಿ ನೂರು ವರ್ಷ ಮೊದಲೇ ತಲುಪುತ್ತಾರೆ. ಕಾದು ಹೊರಡೋದು ಯಾವಾಗ ಲಾಭ ಅಂತ ಆಂಡ್ರ್ಯೂ ಕೆನಡಿ 2006ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ.

ಇದೇ ಪ್ರಶ್ನೆಗಳನ್ನು ಮಂಗಳಕ್ಕೆ ಕೇಳಿ, ಉತ್ತರ ಬೇರೆಯೇ ಬರುತ್ತದೆ. ಇಂಧನ ದೊಡ್ಡದಾದರೂ ಸಾಧ್ಯವಿರುವ ಸಂಖ್ಯೆ. ನಿಲ್ಲೋಕೆ ತೆಳುವಾದರೂ ವಾತಾವರಣ ಇದೆ. ಸಿಕ್ಕಿಹಾಕಿಕೊಳ್ಳುವುದು ವಿಕಿರಣದಲ್ಲಿ: ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದ ಪ್ರಕಾರ ಹೋಗಿ ಬರುವ ಪ್ರಯಾಣಕ್ಕೇ ಸುಮಾರು 660 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ನಾಸಾ ಒಬ್ಬ ಗಗನಯಾತ್ರಿಗೆ ಇಡೀ ವೃತ್ತಿಗೆ ಇಟ್ಟಿರುವ ಮಿತಿ 600. ಇನ್ನೊಂದು ಸಂಖ್ಯೆ ಇಳಿಯುವ ತೂಕ. 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್ ಸುಮಾರು ಒಂದು ಟನ್. ಮನುಷ್ಯರ ಜೊತೆ ಮನೆ, ಊಟ, ವಾಪಸ್ ಬರುವ ರಾಕೆಟ್ ಎಲ್ಲ ಇಳಿಯಬೇಕಾದರೆ ಒಂದೇ ಸಲಕ್ಕೆ ಇಪ್ಪತ್ತು ಟನ್ನಿನ ಆಸುಪಾಸು ಇಳಿಸೋದು ಕಲಿಯಬೇಕು. ಮುಂದಿನ ಸಲ ಮಂಗಳಕ್ಕೆ ಮನುಷ್ಯ ಅನ್ನುವ ಸುದ್ದಿ ಬಂದಾಗ ವರ್ಷ ಯಾವುದು ಅಂತ ನೋಡುವ ಮೊದಲು, ಅಷ್ಟು ಟನ್ ಅಲ್ಲಿ ಒಮ್ಮೆಯಾದರೂ ಸುರಕ್ಷಿತವಾಗಿ ಇಳಿದಿದೆಯಾ ಅಂತ ಹುಡುಕಿ.